ಸೈಕಲ್ ಸವಾರ ಮತ್ತು ರಸ್ತೆಯ ನಿಯಮ

ಎತ್ತಿನ ಗಾಡಿಯೂ ಕಾಲುನಡಿಗೆಯೂ ಪ್ರಯಾಣದ ಮುಖ್ಯ ಸಾಧನಗಳಾಗಿದ್ದ ಕಾಲದಲ್ಲಿ ದಾರಿಯಲ್ಲಿ ಎದುರಾಗುವವರು ಒಬ್ಬರನ್ನೊಬ್ಬರು ದೂರದಿಂದಲೇ ಕಾಣುತ್ತಿದ್ದರು. ಕೂಗಿ ಎಚ್ಚರಿಸುವುದಕ್ಕೂ ಪಕ್ಕಕ್ಕೆ ಸರಿದು ದಾರಿ ಕೊಡುವುದಕ್ಕೂ ಸಾಕಷ್ಟು ವ್ಯವಧಾನವಿರುತ್ತಿತ್ತು. ಯಂತ್ರವಾಹನಗಳು ಬಂದ ಮೇಲೆ ಈ ಸ್ಥಿತಿ ಬದಲಾಯಿತು. ಗಂಟೆಗೆ 60 ಕಿಲೋಮೀಟರು ವೇಗದಲ್ಲಿ ಓಡುವ ಕಾರು ಒಂದು ಸೆಕೆಂಡಿನಲ್ಲಿ ಸುಮಾರು 17 ಮೀಟರು ಮುಂದೆ ಸಾಗುತ್ತದೆ. ಅಷ್ಟು ಅಲ್ಪಾವಧಿಯಲ್ಲಿ ಮಾತಿಗೆ ಎಡೆಯಿಲ್ಲ. ಹಿಂದೆ ಮಾತು ಮಾಡುತ್ತಿದ್ದ ಕೆಲಸವನ್ನು ಈಗ ನಿಯಮಗಳೂ ಚಿಹ್ನೆಗಳೂ ಮಾಡಬೇಕಾಗಿದೆ. ಪರಿಚಯವಿಲ್ಲದ ಇಬ್ಬರು ಒಂದೇ ದಾರಿಯನ್ನು ಹಂಚಿಕೊಳ್ಳುವಾಗ, ಒಬ್ಬನು ಮುಂದಿನ ಕ್ಷಣದಲ್ಲಿ ಏನು ಮಾಡುವನೆಂಬುದು ಇನ್ನೊಬ್ಬನಿಗೆ ಮೊದಲೇ ತಿಳಿದಿರಬೇಕು. ರಸ್ತೆಯ ಎಲ್ಲ ನಿಯಮಗಳ ತಿರುಳೂ ಇದೇ.

ಮೋಟಾರು ವಾಹನವನ್ನು ನಡೆಸಲು ಬಯಸುವವರು ಪರವಾನಗಿ ಪಡೆಯಬೇಕು. 1988ರ ಮೋಟಾರು ವಾಹನಗಳ ಅಧಿನಿಯಮದಂತೆ ಅದಕ್ಕೆ 18 ವರ್ಷ ತುಂಬಿರಬೇಕು. ಎಂಜಿನ್ನಿನ ಸಾಮರ್ಥ್ಯ 50 ಸಿ.ಸಿ.ಯನ್ನು ಮೀರದ ದ್ವಿಚಕ್ರ ವಾಹನಕ್ಕೆ ಮಾತ್ರ 16 ವರ್ಷ ಸಾಕು. ಪರವಾನಗಿ ಕೈಸೇರುವ ಮೊದಲು ಅಭ್ಯರ್ಥಿಯು ಸಂಚಾರ ಚಿಹ್ನೆಗಳನ್ನು ಗುರುತಿಸಬಲ್ಲನೇ, ನಿಯಮಗಳನ್ನು ಬಲ್ಲನೇ ಎಂದು ಪರೀಕ್ಷಿಸಲಾಗುತ್ತದೆ. ಸೈಕಲ್ಲಿಗೆ ಇಂತಹ ಪರವಾನಗಿಯೂ ಇಲ್ಲ, ಪರೀಕ್ಷೆಯೂ ಇಲ್ಲ. ಆದುದರಿಂದ ಪ್ರೌಢಶಾಲೆಯ ಬಾಲಕ ಬಾಲಕಿಯರು ತಾವಾಗಿಯೇ ರಸ್ತೆಯಲ್ಲಿ ನಡೆಸುವ ಮೊದಲ ವಾಹನ ಸಾಮಾನ್ಯವಾಗಿ ಸೈಕಲ್ಲೇ ಆಗಿರುತ್ತದೆ. ಆದರೆ ರಸ್ತೆ ಮಾತ್ರ ಎಲ್ಲರಿಗೂ ಒಂದೇ. ಪರೀಕ್ಷೆಗೆ ಒಳಗಾಗಿ ಬಂದ ಲಾರಿಯ ಚಾಲಕನೂ ಪರೀಕ್ಷೆಯನ್ನೇ ಕಾಣದ ವಿದ್ಯಾರ್ಥಿಯೂ ಅದೇ ತಿರುವಿನಲ್ಲಿ, ಅದೇ ಕೂಡುರಸ್ತೆಯಲ್ಲಿ ಸಂಧಿಸುತ್ತಾರೆ. ಯಾರೂ ಕೇಳದಿದ್ದರೂ ಸೈಕಲ್ ಸವಾರನು ನಿಯಮಗಳನ್ನು ತಾನೇ ಅರಿತುಕೊಳ್ಳುವುದು ಇದರಿಂದಾಗಿ ಅತ್ಯಗತ್ಯವಾಗಿದೆ.

ಅಜ್ಞಾನದ ಬೆಲೆ ಸಣ್ಣದಲ್ಲ. ಕೇಂದ್ರ ಸರ್ಕಾರವು ಪ್ರಕಟಿಸಿರುವ ಅಂಕಿ ಅಂಶಗಳಂತೆ 2022ನೆಯ ಒಂದೇ ವರ್ಷದಲ್ಲಿ ಭಾರತದ ರಸ್ತೆಗಳಲ್ಲಿ 4,61,312 ಅಪಘಾತಗಳು ಸಂಭವಿಸಿ 1,68,491 ಮಂದಿ ಪ್ರಾಣ ಕಳೆದುಕೊಂಡರು. ಕಾರಿನೊಳಗೆ ಕುಳಿತವನನ್ನು ಉಕ್ಕಿನ ಕವಚ ಕಾಪಾಡುವುದುಂಟು. ಸೈಕಲ್ ಸವಾರನಿಗೆ ಅಂತಹ ಕವಚವಿಲ್ಲ. ಅಪಾಯದಿಂದ ಥಟ್ಟನೆ ದೂರ ಸಾಗುವ ವೇಗವೂ ಇಲ್ಲ. ಇತರರ ಕಣ್ಣಿಗೆ ಸ್ಪಷ್ಟವಾಗಿ ಬೀಳುವುದು, ತನ್ನ ಚಲನೆಯನ್ನು ಇತರರು ಮುಂದಾಗಿಯೇ ಊಹಿಸುವಂತೆ ನಡೆದುಕೊಳ್ಳುವುದು, ಇವೆರಡೇ ಅವನಿಗಿರುವ ಮುಖ್ಯ ರಕ್ಷಣೆ.

ರಸ್ತೆಯ ಎಚ್ಚರಿಕೆಯ ಫಲಕಗಳ ಚರಿತ್ರೆಗೂ ಸೈಕಲ್ಲಿಗೂ ಹತ್ತಿರದ ನಂಟಿದೆಯೆಂಬುದು ಹಲವರಿಗೆ ತಿಳಿಯದು. ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ, ಮೋಟಾರು ಕಾರುಗಳು ಬಳಕೆಗೆ ಬರುವ ಮೊದಲೇ, ಇಂಗ್ಲೆಂಡಿನ ಸೈಕಲ್ ಸವಾರರ ಸಂಘಗಳು ಕಡಿದಾದ ಇಳಿಜಾರುಗಳ ನೆತ್ತಿಯಲ್ಲಿ ಎಚ್ಚರಿಕೆಯ ಫಲಕಗಳನ್ನು ನೆಡಿಸಿದವು. ಅಂದಿನ ಸೈಕಲ್ಲಿನ ಮುಂಚಕ್ರ ಬಹಳ ಎತ್ತರವಾಗಿತ್ತು, ಬ್ರೇಕು ದುರ್ಬಲವಾಗಿತ್ತು. ಊರಿಗೆ ಹೊಸಬನಾದ ಸವಾರನು ಇಳಿಜಾರಿನ ಸ್ವರೂಪವನ್ನು ಅರಿಯದೆ ಇಳಿದು ಅಪಾಯಕ್ಕೆ ಸಿಲುಕುತ್ತಿದ್ದನು. ಮೊದಲು ಬಂದು ಕಷ್ಟಪಟ್ಟವರು ಮುಂದೆ ಬರುವವರಿಗಾಗಿ ನಿಲ್ಲಿಸಿದ ಎಚ್ಚರಿಕೆಯೇ ಆ ಫಲಕ. 1909ರಲ್ಲಿ ಪ್ಯಾರಿಸ್ಸಿನಲ್ಲಿ ಸೇರಿದ ರಾಷ್ಟ್ರಗಳು ಉಬ್ಬುತಗ್ಗು, ತಿರುವು, ಕೂಡುರಸ್ತೆ, ರೈಲುದಾಟು ಎಂಬ ನಾಲ್ಕು ಅಪಾಯಗಳಿಗೆ ಚಿತ್ರರೂಪದ ಚಿಹ್ನೆಗಳನ್ನು ಒಪ್ಪಿಕೊಂಡವು. 1968ರಲ್ಲಿ ವಿಯೆನ್ನಾದಲ್ಲಿ ರೂಪುಗೊಂಡ ಒಪ್ಪಂದವು ರಸ್ತೆಯ ಚಿಹ್ನೆಗಳಲ್ಲಿ ಹೆಚ್ಚಿನ ಏಕರೂಪತೆಯನ್ನು ತಂದಿತು. ಅಕ್ಷರ ಬಾರದವರೂ ಬೇರೆ ಭಾಷೆಯವರೂ ಚಿತ್ರವನ್ನು ಓದಬಲ್ಲರು. ಕರ್ನಾಟಕದ ಸವಾರನು ತಮಿಳುನಾಡಿಗೋ ಮಹಾರಾಷ್ಟ್ರಕ್ಕೋ ಹೋದಾಗ ಅಲ್ಲಿಯ ಲಿಪಿ ಬಾರದಿದ್ದರೂ ಅಲ್ಲಿಯ ರಸ್ತೆಯ ಚಿಹ್ನೆ ಅರ್ಥವಾಗುವುದು ಇದರಿಂದಲೇ.

ಈ ಚಿತ್ರಭಾಷೆಗೆ ಸರಳವಾದ ವ್ಯಾಕರಣವೊಂದಿದೆ. ಮೊದಲು ಆಕಾರವನ್ನೂ ಬಣ್ಣವನ್ನೂ ನೋಡಬೇಕು. ಅನಂತರ ಒಳಗಿನ ಚಿತ್ರವನ್ನು ಓದಬೇಕು. ವೃತ್ತಾಕಾರದ ಚಿಹ್ನೆಗಳು ಆಜ್ಞೆಯನ್ನು ನೀಡುತ್ತವೆ. ಅವುಗಳಲ್ಲಿ ಕೆಂಪು ಅಂಚಿನವು ಸಾಮಾನ್ಯವಾಗಿ ‘ಮಾಡಬಾರದು’ ಎಂದು ಹೇಳಿದರೆ, ನೀಲಿ ಬಣ್ಣದವು ‘ಹೀಗೆಯೇ ಮಾಡಬೇಕು’ ಎಂದು ಹೇಳುತ್ತವೆ. ಕೆಂಪು ವೃತ್ತದೊಳಗೆ ಸೈಕಲ್ಲಿನ ಚಿತ್ರವಿದ್ದು ಅದರ ಮೇಲೆ ಓರೆಗೆರೆ ಎಳೆದಿದ್ದರೆ ಆ ರಸ್ತೆಯಲ್ಲಿ ಸೈಕಲ್ಲಿಗೆ ಪ್ರವೇಶವಿಲ್ಲ. ನೀಲಿ ವೃತ್ತದಲ್ಲಿ ಸೈಕಲ್ಲಿನ ಚಿತ್ರವಿದ್ದರೆ ಅದು ಸೈಕಲ್ಲಿಗೆಂದೇ ಮೀಸಲಾದ ಪಥ. ಒಂದೇ ಚಿತ್ರ, ಆದರೆ ಬಣ್ಣ ಬದಲಾದೊಡನೆ ಅರ್ಥ ತಿರುವುಮುರುವಾಗುತ್ತದೆ. ಕೆಂಪು ಅಂಚಿನ ತ್ರಿಕೋನವು ಆಜ್ಞೆಯಲ್ಲ, ಎಚ್ಚರಿಕೆ. ಮುಂದೆ ಶಾಲೆಯಿದೆ, ರಸ್ತೆಯ ಉಬ್ಬಿದೆ, ದಾರಿ ಕಿರಿದಾಗಿದೆ, ಜಾರುವ ನೆಲವಿದೆ, ಸೈಕಲ್ಲುಗಳು ದಾಟುವ ಸ್ಥಳವಿದೆ ಎಂದು ಅದು ಮುಂದಾಗಿ ತಿಳಿಸುತ್ತದೆ. ಆಯತಾಕಾರದ ನೀಲಿ ಫಲಕಗಳು ಆಸ್ಪತ್ರೆ, ಪೆಟ್ರೋಲು ಬಂಕು, ವಾಹನ ನಿಲ್ಲಿಸುವ ಸ್ಥಳ ಮುಂತಾದ ಮಾಹಿತಿಯನ್ನು ನೀಡುತ್ತವೆ.

ಎರಡು ಚಿಹ್ನೆಗಳು ಮಾತ್ರ ಈ ಸಾಮಾನ್ಯ ಕ್ರಮಕ್ಕೆ ಹೊರತಾಗಿವೆ. ‘ನಿಲ್ಲಿ’ ಎಂಬ ಫಲಕಕ್ಕೆ ಎಂಟು ಮೂಲೆಗಳು. ‘ದಾರಿ ಕೊಡಿ’ ಎಂಬುದು ತಲೆಕೆಳಗಾದ ತ್ರಿಕೋನ. ಧೂಳು ಮುಚ್ಚಿ ಅಕ್ಷರ ಅಳಿಸಿದರೂ, ಮಂಜು ಕವಿದು ಬಣ್ಣ ಕಾಣದಿದ್ದರೂ, ಹಿಂಬದಿಯಿಂದ ನೋಡಿದರೂ ಇವನ್ನು ಆಕಾರದಿಂದಲೇ ಗುರುತಿಸಬಹುದು. ಕೆಂಪು ಹಸುರುಗಳ ಭೇದವನ್ನು ಚೆನ್ನಾಗಿ ಕಾಣಲಾರದ ಬಣ್ಣಗುರುಡರಿಗೂ ಇದರಿಂದ ಅನುಕೂಲ. ಜೀವರಕ್ಷಣೆಗೆ ಸಂಬಂಧಿಸಿದ ಮಾತನ್ನು ಬಣ್ಣ, ಆಕಾರ, ಚಿತ್ರ ಈ ಮೂರು ವಿಧದಿಂದಲೂ ಹೇಳಿರುವುದರ ಉದ್ದೇಶ, ಒಂದು ತಪ್ಪಿದರೆ ಇನ್ನೊಂದಾದರೂ ನೋಡುವವನಿಗೆ ತಲುಪಲಿ ಎಂಬುದೇ ಆಗಿದೆ.

ಚಿಹ್ನೆಗಳನ್ನು ಪುಸ್ತಕದಲ್ಲಿ ನೋಡಿ ಕಂಠಪಾಠ ಮಾಡುವುದು ಸುಲಭ. ಅವುಗಳ ಬೆಲೆ ತಿಳಿಯುವುದು ಬೀದಿಗಿಳಿದಾಗ. ಬೆಂಗಳೂರಿನ ಉತ್ತರ ಭಾಗದಲ್ಲಿರುವ ಸಹಕಾರನಗರವನ್ನು ಇದಕ್ಕೆ ಉದಾಹರಣೆಯಾಗಿ ನೋಡಬಹುದು. ಹೆಬ್ಬಾಳದಿಂದ ಯಲಹಂಕದತ್ತ ಹೋಗುವ ಬಳ್ಳಾರಿ ರಸ್ತೆಯ ಬದಿಗೆ ಈ ಬಡಾವಣೆಯಿದೆ. ಕೊಡಿಗೇಹಳ್ಳಿ ಇದರ ನೆರೆಯ ಊರು. ಗಾಂಧಿ ಕೃಷಿ ವಿಜ್ಞಾನ ಕೇಂದ್ರದ ವಿಶಾಲವಾದ ಆವರಣವೂ ಸಮೀಪದಲ್ಲಿಯೇ ಇದೆ. 2008ರಲ್ಲಿ ದೇವನಹಳ್ಳಿಯ ಬಳಿ ಹೊಸ ವಿಮಾನನಿಲ್ದಾಣ ಆರಂಭವಾದ ಮೇಲೆ ಬಳ್ಳಾರಿ ರಸ್ತೆಯ ಸಂಚಾರ ಬಹಳವಾಗಿ ಹೆಚ್ಚಿತು. 2014ರಲ್ಲಿ ಅದರ ಮೇಲೆ ಎತ್ತರಿಸಿದ ಹೆದ್ದಾರಿಯೂ ಸಂಚಾರಕ್ಕೆ ತೆರೆಯಿತು. ಹೀಗೆ ಮರಗಳ ನೆರಳಿನ ಶಾಂತವಾದ ಒಳಬೀದಿಗಳೂ ಬಿರುಸಾದ ಹೆದ್ದಾರಿಯೂ ಇಲ್ಲಿ ಒಂದರ ಮಗ್ಗುಲಲ್ಲಿ ಒಂದಿವೆ. ಮನೆಯ ಬಾಗಿಲಿನಿಂದ ಹೊರಟ ಸೈಕಲ್ ಸವಾರನು ಕೆಲವೇ ನಿಮಿಷಗಳಲ್ಲಿ ಒಂದು ಬಗೆಯ ರಸ್ತೆಯಿಂದ ಮತ್ತೊಂದು ಬಗೆಯ ರಸ್ತೆಗೆ ಬಂದುಬಿಡುತ್ತಾನೆ.

ಈ ಬಡಾವಣೆಯ ಒಂಬತ್ತನೆಯ ತರಗತಿಯ ವಿದ್ಯಾರ್ಥಿನಿಯೊಬ್ಬಳು ಬೆಳಿಗ್ಗೆ ಸೈಕಲ್ಲಿನಲ್ಲಿ ಶಾಲೆಗೆ ಹೊರಡುವಳೆಂದು ಭಾವಿಸಬಹುದು. ಅವಳ ಮೊದಲ ಕೆಲಸ ಗೇಟು ದಾಟುವ ಮುನ್ನವೇ ಆರಂಭವಾಗುತ್ತದೆ. ಚಕ್ರಗಳಲ್ಲಿ ಗಾಳಿ ಸಾಕಷ್ಟಿದೆಯೇ, ಎರಡು ಬ್ರೇಕುಗಳೂ ಹಿಡಿಯುತ್ತವೆಯೇ, ಚೈನು ಸಡಿಲವಾಗಿದೆಯೇ, ಬೆಲ್ಲು ಕೇಳಿಸುತ್ತದೆಯೇ ಎಂದು ನೋಡಲು ಒಂದು ನಿಮಿಷ ಸಾಕು. ಪುಸ್ತಕದ ಚೀಲವನ್ನು ಹ್ಯಾಂಡಲಿಗೆ ತೂಗುಹಾಕಿದರೆ ಅದು ತಿರುವಿನಲ್ಲಿ ಒಂದೇ ಕಡೆಗೆ ಎಳೆಯುತ್ತದೆ. ಮುಂಚಕ್ರದ ಕಡ್ಡಿಗಳಿಗೆ ಸಿಕ್ಕಿಕೊಳ್ಳುವುದೂ ಉಂಟು. ಅದನ್ನು ಬೆನ್ನಿಗೆ ಹಾಕಿಕೊಳ್ಳಬೇಕು, ಇಲ್ಲವೇ ಕ್ಯಾರಿಯರಿಗೆ ಬಿಗಿಯಬೇಕು. ಉದ್ದನೆಯ ದುಪಟ್ಟಾ ಚಕ್ರಕ್ಕೆ ಸುತ್ತಿಕೊಳ್ಳದಂತೆ ಕಟ್ಟಿಕೊಳ್ಳಬೇಕು. ತಲೆಗೆ ಹೆಲ್ಮೆಟ್ ಧರಿಸುವುದು ಒಳ್ಳೆಯದು. ಮೊಬೈಲ್ ಫೋನನ್ನು ಚೀಲದಲ್ಲಿಡಬೇಕು. ಕಿವಿಗೆ ಸಂಗೀತದ ಸಾಧನವನ್ನು ಸಿಕ್ಕಿಸಿಕೊಂಡವರು ಹಿಂದಿನಿಂದ ಬರುವ ವಾಹನದ ಸದ್ದನ್ನು ಕೇಳಲಾರರು. ಸೈಕಲ್ ಸವಾರನಿಗೆ ಹಿಂದೆ ಕಣ್ಣಿಲ್ಲ. ಕಿವಿಯೇ ಅವನ ಹಿಂಗಣ್ಣು.

ಒಳಬೀದಿಯಲ್ಲಿ ಅವಳು ರಸ್ತೆಯ ಎಡಬದಿಯಲ್ಲಿ ನೇರವಾದ ಗೆರೆಯಲ್ಲಿ ಸಾಗುತ್ತಾಳೆ. ಎಡಬದಿಯೆಂದರೆ ಚರಂಡಿಯ ಅಂಚಿಗೆ ಅಂಟಿಕೊಂಡು ಹೋಗಬೇಕೆಂದಲ್ಲ. ಅಲ್ಲಿ ಮರಳು, ಒಡೆದ ಗಾಜು, ಚರಂಡಿಯ ಜಾಲರಿಗಳಿರುತ್ತವೆ. ಅವನ್ನು ತಪ್ಪಿಸಲು ಥಟ್ಟನೆ ಬಲಕ್ಕೆ ಹೊರಳಬೇಕಾಗುತ್ತದೆ. ಹಿಂದಿನಿಂದ ಬರುವ ಚಾಲಕನಿಗೆ ಆ ಹೊರಳು ಅನಿರೀಕ್ಷಿತ. ಬೀದಿಯ ಬದಿಯಲ್ಲಿ ಕಾರುಗಳು ಸಾಲಾಗಿ ನಿಂತಿದ್ದರೆ ಅವುಗಳಿಂದ ಒಂದು ಮೀಟರಿನಷ್ಟಾದರೂ ದೂರವಿರಬೇಕು. ನಿಂತ ಕಾರಿನ ಬಾಗಿಲು ಯಾವ ಕ್ಷಣದಲ್ಲಾದರೂ ತೆರೆದುಕೊಳ್ಳಬಹುದು. ಸ್ನೇಹಿತೆಯರು ಜೊತೆಗಿದ್ದರೆ ಮಾತನಾಡುತ್ತ ಅಕ್ಕಪಕ್ಕದಲ್ಲಿ ಹೋಗದೆ ಒಬ್ಬರ ಹಿಂದೆ ಒಬ್ಬರು ಸಾಗಬೇಕು. ಸಂಕೇತದೀಪವಾಗಲಿ ಪೊಲೀಸರಾಗಲಿ ಇಲ್ಲದ ಅಡ್ಡರಸ್ತೆಗಳು ಸೇರುವಲ್ಲಿ ವೇಗವನ್ನು ತಗ್ಗಿಸಿ ಬಲಗಡೆಯಿಂದ ಬರುವವರಿಗೆ ದಾರಿ ಬಿಡಬೇಕು. ಸಣ್ಣ ರಸ್ತೆಯಿಂದ ದೊಡ್ಡ ರಸ್ತೆಗೆ ಸೇರುವಾಗ ದೊಡ್ಡ ರಸ್ತೆಯವರು ಮೊದಲು ಸಾಗಲು ಅವಕಾಶ ಕೊಡಬೇಕು.

ಒಳಬೀದಿಯನ್ನು ಬಿಟ್ಟು ಬಡಾವಣೆಯ ಅರವತ್ತು ಅಡಿ ರಸ್ತೆಗೆ ಬಂದೊಡನೆ ಅಂಗಡಿಗಳ ಸಾಲು, ಆಟೋರಿಕ್ಷಾಗಳು, ಬಸ್ಸುಗಳು ಎದುರಾಗುತ್ತವೆ. ಇಲ್ಲಿ ಸವಾರನ ಕೈಯೇ ಅವನ ಮಾತು. ಬಲಕ್ಕೆ ತಿರುಗುವವನು ಬಲಗೈಯನ್ನು ಭುಜದ ಮಟ್ಟಕ್ಕೆ ನೇರವಾಗಿ ಚಾಚಬೇಕು. ಎಡಕ್ಕೆ ತಿರುಗುವವನು ಎಡಗೈಯನ್ನು ಚಾಚಬೇಕು. ವೇಗ ತಗ್ಗಿಸುವಾಗ ಬಲಗೈಯನ್ನು ಚಾಚಿ ಅಂಗೈ ಕೆಳಮುಖವಾಗಿರುವಂತೆ ಮೇಲೆ ಕೆಳಗೆ ಆಡಿಸಬೇಕು. ಸಂಜ್ಞೆಯನ್ನು ತಿರುಗುತ್ತಿರುವಾಗ ತೋರಿಸಿದರೆ ಪ್ರಯೋಜನವಿಲ್ಲ. ತಿರುಗುವುದಕ್ಕೆ ಸಾಕಷ್ಟು ಮೊದಲೇ ತೋರಿಸಬೇಕು. ಕೈ ಚಾಚಿದ ಮಾತ್ರಕ್ಕೆ ದಾರಿ ದೊರೆತಂತಾಗಲಿಲ್ಲ. ಮೊದಲು ಹಿಂದಕ್ಕೆ ತಿರುಗಿ ನೋಡಬೇಕು. ಅನಂತರ ಸಂಜ್ಞೆ ಮಾಡಬೇಕು. ಮತ್ತೊಮ್ಮೆ ನೋಡಿ, ಎಡೆಯಿದ್ದರೆ ಮಾತ್ರ ತಿರುಗಬೇಕು. ತಿರುಗುವ ವೇಳೆಗೆ ಎರಡು ಕೈಗಳೂ ಹ್ಯಾಂಡಲಿನ ಮೇಲಿರಬೇಕು.

ಬಸ್ಸು ಲಾರಿಗಳ ಬಳಿ ವಿಶೇಷವಾದ ಎಚ್ಚರಿಕೆ ಬೇಕು. ಉದ್ದನೆಯ ವಾಹನವು ಎಡಕ್ಕೆ ತಿರುಗುವಾಗ ಅದರ ಹಿಂಚಕ್ರಗಳು ಮುಂಚಕ್ರಗಳ ಜಾಡಿನಲ್ಲೇ ಬರುವುದಿಲ್ಲ. ಅವು ತಿರುವಿನ ಒಳಬದಿಯನ್ನು ಕತ್ತರಿಸಿಕೊಂಡು ಸಾಗುತ್ತವೆ. ಆರಂಭದಲ್ಲಿ ಬಸ್ಸಿಗೂ ರಸ್ತೆಯ ಅಂಚಿಗೂ ನಡುವೆ ಸೈಕಲ್ಲು ನುಗ್ಗುವಷ್ಟು ಜಾಗ ಕಾಣುತ್ತದೆ. ಬಸ್ಸು ತಿರುಗುತ್ತ ಹೋದಂತೆ ಆ ಜಾಗ ಕಿರಿದಾಗುತ್ತ ಕೊನೆಗೆ ಇಲ್ಲವಾಗುತ್ತದೆ. ಚಾಲಕನು ಬಲಬದಿಯಲ್ಲಿ ಎತ್ತರದಲ್ಲಿ ಕುಳಿತಿರುವುದರಿಂದ ತನ್ನ ಎಡಮಗ್ಗುಲಿಗೆ ತೀರ ಹತ್ತಿರವಿರುವ ಸೈಕಲ್ಲು ಅವನಿಗೆ ಕಾಣದಿರುವ ಸಂಭವವೇ ಹೆಚ್ಚು. ಆದುದರಿಂದ ಕೂಡುರಸ್ತೆಯಲ್ಲಿ ನಿಂತಿರುವ ಬಸ್ಸಿನ ಎಡಕ್ಕೆ ಎಂದೂ ನುಗ್ಗಬಾರದು. ಅದರ ಹಿಂದೆ ನಿಂತು, ಅದು ಸಾಗಿದ ಮೇಲೆ ಮುಂದುವರಿಯಬೇಕು. ಇದರಿಂದ ನಷ್ಟವಾಗುವುದು ಕೆಲವು ಸೆಕೆಂಡುಗಳು. ಉಳಿಯುವುದು ಒಂದು ಜೀವ.

ಸಂಕೇತದೀಪವಿರುವ ಕೂಡುರಸ್ತೆಯಲ್ಲಿ ಕೆಂಪು ದೀಪ ಸೈಕಲ್ಲಿಗೂ ಕೆಂಪು ದೀಪವೇ. ‘ಸೈಕಲ್ಲಿಗೆ ದಂಡವಿಲ್ಲ’ ಎಂದು ಅದನ್ನು ದಾಟುವವನು, ಅಡ್ಡರಸ್ತೆಯಿಂದ ಹಸುರು ದೀಪವನ್ನು ನಂಬಿ ಬರುವವನ ಎದುರಿಗೆ ಹೋಗಿ ನಿಲ್ಲುತ್ತಾನೆ. ಹಳದಿ ದೀಪ ವೇಗ ಹೆಚ್ಚಿಸಿ ದಾಟಿಬಿಡಲು ಕೊಟ್ಟ ಅವಕಾಶವಲ್ಲ. ಅದು ನಿಲ್ಲಲು ಸಿದ್ಧನಾಗೆಂಬ ಸೂಚನೆ. ವಾಹನಗಳು ನಿಲುಗಡೆಯ ಗೆರೆಯ ಹಿಂದೆ ನಿಲ್ಲಬೇಕು. ಅದರ ಮುಂದಿರುವ ಕಪ್ಪು ಬಿಳುಪಿನ ಪಟ್ಟೆಗಳು ಪಾದಚಾರಿಗಳ ಹಕ್ಕಿನ ನೆಲ. ಬಲಕ್ಕೆ ತಿರುಗಬೇಕಾದಾಗ ದೊಡ್ಡ ಕೂಡುರಸ್ತೆಯ ನಟ್ಟನಡುವೆ ವಾಹನಗಳ ನಡುವೆ ನಿಲ್ಲುವುದು ಕಿರಿಯ ಸವಾರರಿಗೆ ಕ್ಷೇಮವಲ್ಲ. ಅವರು ಹಸುರು ದೀಪದಲ್ಲಿ ಎಡಬದಿಯಿಂದಲೇ ನೇರವಾಗಿ ಆಚೆಗೆ ದಾಟಿ, ಅಲ್ಲಿ ನಿಂತು, ಮತ್ತೊಂದು ದಿಕ್ಕಿಗೆ ಹಸುರು ಬಂದಾಗ ಮುಂದೆ ಸಾಗಬಹುದು. ಇಲ್ಲವೇ ಸೈಕಲ್ಲಿನಿಂದ ಇಳಿದು ಪಾದಚಾರಿಗಳ ಪಟ್ಟೆಯ ಮೇಲೆ ತಳ್ಳಿಕೊಂಡು ದಾಟಬಹುದು. ಆಂಬುಲೆನ್ಸಾಗಲಿ ಅಗ್ನಿಶಾಮಕ ವಾಹನವಾಗಲಿ ಬಂದರೆ ಎಡಕ್ಕೆ ಸರಿದು ದಾರಿ ಬಿಡುವುದು ಸೈಕಲ್ ಸವಾರನ ಕರ್ತವ್ಯವೂ ಹೌದು.

ಕೊನೆಗೆ ವಿದ್ಯಾರ್ಥಿನಿಯು ಬಳ್ಳಾರಿ ರಸ್ತೆಯ ಬದಿಯ ಸರ್ವೀಸ್ ರಸ್ತೆಗೆ ಬರುತ್ತಾಳೆ. ಅವಳು ಹೋಗಬೇಕಾದ ಸ್ಥಳ ಬಲಗಡೆಗೆ ಇನ್ನೂರು ಮೀಟರು ದೂರದಲ್ಲಿದೆಯೆಂದು ಇಟ್ಟುಕೊಳ್ಳಬಹುದು. ವಾಹನಗಳೆಲ್ಲ ಬಲದಿಂದ ಎಡಕ್ಕೆ ಸಾಗುತ್ತಿವೆ. ನಿಯಮದಂತೆ ಹೋದರೆ ಬಹು ದೂರ ಸುತ್ತಬೇಕು. ಶಾಲೆಯ ಗಂಟೆ ಹೊಡೆಯಲು ಐದೇ ನಿಮಿಷವಿದೆ. ‘ಇಷ್ಟು ದೂರ ತಾನೆ, ಎದುರು ದಿಕ್ಕಿನಲ್ಲಿ ಅಂಚಿನಲ್ಲೇ ಹೋಗಿಬಿಟ್ಟರಾಯಿತು’ ಎಂಬ ಯೋಚನೆ ಬರುವುದು ಇಂತಹ ಸಮಯದಲ್ಲಿಯೇ. ಅವಳ ಕಣ್ಣೆದುರಿಗೇ ಹಲವರು ಹಾಗೆ ಹೋಗುತ್ತಲೂ ಇರಬಹುದು.

ಆ ಇನ್ನೂರು ಮೀಟರುಗಳ ಲೆಕ್ಕವನ್ನು ಸ್ವಲ್ಪ ನೋಡಬೇಕು. ಸೈಕಲ್ಲಿನ ವೇಗ ಗಂಟೆಗೆ 15 ಕಿಲೋಮೀಟರು, ಕಾರಿನ ವೇಗ 45 ಕಿಲೋಮೀಟರು ಎಂದಿರಲಿ. ಇಬ್ಬರೂ ಒಂದೇ ದಿಕ್ಕಿನಲ್ಲಿದ್ದರೆ ಕಾರು ಸೈಕಲ್ಲನ್ನು ಸಮೀಪಿಸುವ ವೇಗ 30 ಕಿಲೋಮೀಟರು ಮಾತ್ರ. ನಡುವಣ ಐವತ್ತು ಮೀಟರು ಮುಗಿಯಲು ಆರು ಸೆಕೆಂಡು ಬೇಕು. ಎದುರುಬದುರಾಗಿ ಬಂದರೆ ಸಮೀಪಿಸುವ ವೇಗ 60 ಕಿಲೋಮೀಟರು. ಅದೇ ಐವತ್ತು ಮೀಟರು ಮೂರೇ ಸೆಕೆಂಡಿನಲ್ಲಿ ಮುಗಿಯುತ್ತದೆ. ಯೋಚಿಸಿ ತಪ್ಪಿಸಿಕೊಳ್ಳುವ ಕಾಲ ಅರ್ಧಕ್ಕಿಳಿಯುತ್ತದೆ. ಅಷ್ಟೇ ಅಲ್ಲ, ಅಡ್ಡರಸ್ತೆಯಿಂದ ಎಡಕ್ಕೆ ತಿರುಗಿ ಬರುವ ಚಾಲಕನು ವಾಹನಗಳು ಬರುವ ಬಲದಿಕ್ಕನ್ನೇ ನೋಡುತ್ತಿರುತ್ತಾನೆ. ಎಡದಿಂದ ಯಾರೂ ಬರಲಾರರೆಂಬುದು ಅವನ ನಂಬಿಕೆ. ನಿಯಮವೇ ಅವನಿಗೆ ಆ ನಂಬಿಕೆಯನ್ನು ಕೊಟ್ಟಿದೆ. ಎದುರು ದಿಕ್ಕಿನ ಸವಾರನು ಮುರಿಯುವುದು ಆ ನಂಬಿಕೆಯನ್ನು.

ಹಾಗಾದರೆ ಅವಳು ಏನು ಮಾಡಬೇಕು? ಉಪಾಯ ಕಠಿಣವಲ್ಲ. ಸೈಕಲ್ಲಿನಿಂದ ಇಳಿದು ಪಾದಚಾರಿ ಮಾರ್ಗದಲ್ಲಿ ಅದನ್ನು ತಳ್ಳಿಕೊಂಡು ಹೋಗಬೇಕು. ಸೈಕಲ್ಲನ್ನು ತಳ್ಳುವವನು ಸವಾರನಲ್ಲ, ನಡೆದುಹೋಗುವವನು. ಇನ್ನೂರು ಮೀಟರು ನಡೆಯಲು ಮೂರು ನಿಮಿಷ ಸಾಕು. ಮರುದಿನ ಐದು ನಿಮಿಷ ಮೊದಲು ಹೊರಟರೆ ಆ ಅವಸರವೂ ಇರುವುದಿಲ್ಲ. ರಸ್ತೆಯಲ್ಲಿ ನಡೆಯುವ ಎಷ್ಟೋ ತಪ್ಪುಗಳ ಬೇರು ಮನೆಯಿಂದ ತಡವಾಗಿ ಹೊರಡುವುದರಲ್ಲಿದೆ.

ಮಳೆಗಾಲದಲ್ಲಿಯೂ ಕತ್ತಲೆಯಲ್ಲಿಯೂ ಇದೇ ರಸ್ತೆಗಳು ಬೇರೆ ರೂಪ ತಾಳುತ್ತವೆ. ಗಂಟೆಗೆ 15 ಕಿಲೋಮೀಟರು ವೇಗದ ಸೈಕಲ್ಲು ಸೆಕೆಂಡಿಗೆ ನಾಲ್ಕು ಮೀಟರಿಗಿಂತ ಸ್ವಲ್ಪ ಹೆಚ್ಚು ಸಾಗುತ್ತದೆ. ಅಪಾಯವನ್ನು ಕಂಡು ಬ್ರೇಕು ಹಿಡಿಯುವಷ್ಟರಲ್ಲಿ ಒಂದು ಸೆಕೆಂಡು ಕಳೆದಿರುತ್ತದೆ. ಬ್ರೇಕು ಹಿಡಿದ ಮೇಲೂ ಎರಡು ಮೂರು ಮೀಟರು ಉರುಳಿ ಅದು ನಿಲ್ಲುತ್ತದೆ. ವೇಗ ಎರಡರಷ್ಟಾದರೆ ಬ್ರೇಕು ಹಿಡಿದ ಮೇಲೆ ಸಾಗುವ ದೂರ ನಾಲ್ಕರಷ್ಟಾಗುತ್ತದೆಂಬುದು ವಿಜ್ಞಾನದ ನಿಯಮ. ಚಕ್ರದ ರಿಮ್ಮು ಒದ್ದೆಯಾದಾಗ ಬ್ರೇಕಿನ ಹಿಡಿತ ಸಡಿಲವಾಗಿ ಆ ದೂರ ಮತ್ತಷ್ಟು ಹೆಚ್ಚುತ್ತದೆ. ಮುಂದಿನ ಬ್ರೇಕನ್ನು ಮಾತ್ರ ಬಲವಾಗಿ ಒತ್ತಿದರೆ ಸವಾರನು ಮುಗ್ಗರಿಸಬಹುದು. ಎರಡನ್ನೂ ಹದವಾಗಿ ಹಿಡಿಯಬೇಕು. ನೀರು ನಿಂತ ಹಳ್ಳದ ಆಳ ಮೇಲಿನಿಂದ ತಿಳಿಯದು. ಕತ್ತಲಾದ ಮೇಲೆ ಮುಂಭಾಗದಲ್ಲಿ ಬಿಳಿಯ ದೀಪ, ಹಿಂಭಾಗದಲ್ಲಿ ಕೆಂಪು ದೀಪ ಇಲ್ಲವೇ ಬೆಳಕನ್ನು ಹಿಂದಿರುಗಿಸುವ ಕೆಂಪು ಬಿಲ್ಲೆ ಇರಲೇಬೇಕು. ದೀಪ ಸವಾರನಿಗೆ ದಾರಿಯನ್ನು ತೋರಿಸುವುದಕ್ಕೆ ಎಷ್ಟು ಅಗತ್ಯವೋ ಸವಾರನನ್ನು ಇತರರಿಗೆ ತೋರಿಸುವುದಕ್ಕೂ ಅಷ್ಟೇ ಅಗತ್ಯ.

ನಿಯಮಗಳ ಹೊರೆಯನ್ನು ಸೈಕಲ್ ಸವಾರನೊಬ್ಬನೇ ಹೊರಬೇಕೆಂದು ತಿಳಿಯಬಾರದು. ಬೆಂಗಳೂರಿನ ಉತ್ತರ ಭಾಗಕ್ಕೆ ಸೈಕಲ್ಲು ಹೊಸದಲ್ಲ. ಜಾಲಹಳ್ಳಿಯ ಕಡೆ 1953ರಲ್ಲಿ ಎಚ್.ಎಂ.ಟಿ., 1954ರಲ್ಲಿ ಬಿ.ಇ.ಎಲ್. ಕಾರ್ಖಾನೆಗಳು ಸ್ಥಾಪನೆಯಾದ ಮೇಲಿನ ದಶಕಗಳಲ್ಲಿ ಅಸಂಖ್ಯ ಕಾರ್ಮಿಕರು ಸೈಕಲ್ಲಿನಲ್ಲಿಯೇ ಕೆಲಸಕ್ಕೆ ಹೋಗಿಬರುತ್ತಿದ್ದರು. 2006–07ನೆಯ ಸಾಲಿನಲ್ಲಿ ಕರ್ನಾಟಕ ಸರ್ಕಾರವು ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ಲು ಕೊಡುವ ಯೋಜನೆಯನ್ನು ಆರಂಭಿಸಿತು. ಅದರಿಂದ ದೂರದ ಶಾಲೆ ಎಷ್ಟೋ ಮಕ್ಕಳಿಗೆ ಹತ್ತಿರವಾಯಿತು. ಆದರೆ 2023ರ ವೇಳೆಗೆ ಬೆಂಗಳೂರಿನಲ್ಲಿ ನೋಂದಾಯಿತವಾದ ಮೋಟಾರು ವಾಹನಗಳ ಸಂಖ್ಯೆ ಒಂದು ಕೋಟಿಯನ್ನು ದಾಟಿತ್ತು. ಜಯನಗರದಲ್ಲಿಯೂ, 2020ರಲ್ಲಿ ಹೊರವರ್ತುಲ ರಸ್ತೆಯ ಒಂದು ಭಾಗದಲ್ಲಿಯೂ ಸೈಕಲ್ಲಿಗೆಂದು ಪಥಗಳನ್ನು ಗುರುತಿಸಲಾಯಿತು. ಪಾದಚಾರಿ ಮಾರ್ಗದಲ್ಲಿಯೂ ಸೈಕಲ್ ಪಥದಲ್ಲಿಯೂ ಮೋಟಾರು ವಾಹನ ನಡೆಸಬಾರದೆಂದು 1989ರ ರಸ್ತೆ ನಿಯಮಗಳೇ ವಿಧಿಸಿದ್ದವು. ಆ ಪಥದಲ್ಲಿ ಕಾರು ನಿಲ್ಲಿಸುವವನು ಸವಾರನನ್ನು ರಸ್ತೆಯ ನಡುವಿಗೆ ದೂಡಿದಂತೆಯೇ ಸರಿ.

ಈ ವಿಷಯದಲ್ಲಿ ನೆದರ್‌ಲೆಂಡ್ಸ್ ದೇಶದ ಅನುಭವ ಗಮನಾರ್ಹವಾಗಿದೆ. 1971ರಲ್ಲಿ ಆ ಸಣ್ಣ ದೇಶದ ರಸ್ತೆಗಳಲ್ಲಿ ಮೂರು ಸಾವಿರಕ್ಕೂ ಹೆಚ್ಚು ಮಂದಿ ಮಡಿದರು; ಅವರಲ್ಲಿ ನಾನೂರಕ್ಕೂ ಹೆಚ್ಚು ಮಕ್ಕಳಿದ್ದರು. ಮರುವರ್ಷದಿಂದ ತಂದೆತಾಯಿಗಳು ಸಂಘಟಿತರಾಗಿ, ಮಕ್ಕಳ ಈ ಸಾವು ನಿಲ್ಲಬೇಕೆಂದು ಚಳವಳಿ ಹೂಡಿದರು. ಅನಂತರದ ದಶಕಗಳಲ್ಲಿ ಅಲ್ಲಿ ಪ್ರತ್ಯೇಕವಾದ ಸೈಕಲ್ ಪಥಗಳು ದೇಶದಾದ್ಯಂತ ಹಬ್ಬಿದವು. ಅದರೊಡನೆ ಪ್ರಾಥಮಿಕ ಶಾಲೆಯ ಮಕ್ಕಳಿಗೆ ಸಂಚಾರ ನಿಯಮಗಳ ಪರೀಕ್ಷೆಯೂ ನಡೆಯುತ್ತದೆ. ಒಳ್ಳೆಯ ರಸ್ತೆ, ನಿಯಮ ಬಲ್ಲ ಸವಾರ, ಸವಾರನನ್ನು ಗೌರವಿಸುವ ಚಾಲಕ ಈ ಮೂವರೂ ಕೂಡಿದಾಗಲೇ ಸುರಕ್ಷತೆ ಸಾಧ್ಯವೆಂಬುದನ್ನು ಆ ದೇಶ ತೋರಿಸಿಕೊಟ್ಟಿದೆ.

ವಿದ್ಯಾರ್ಥಿನಿಯು ಹೊರಟ ಬಡಾವಣೆಯ ಹೆಸರಿನಲ್ಲಿಯೇ ಈ ಪಾಠದ ಸಾರವಿದೆ. ಸಹಕಾರವೆಂದರೆ ಕೂಡಿ ಮಾಡುವ ಕೆಲಸ. ರಸ್ತೆಯಲ್ಲಿ ಎದುರಾಗುವವರು ಒಬ್ಬರ ಹೆಸರನ್ನು ಇನ್ನೊಬ್ಬರು ತಿಳಿಯರು; ಮತ್ತೆ ಸಂಧಿಸುವರೆಂಬ ನಿಶ್ಚಯವೂ ಇಲ್ಲ. ಆದರೂ ಅವರು ಒಬ್ಬರ ಪ್ರಾಣವನ್ನು ಇನ್ನೊಬ್ಬರು ಕ್ಷಣಕಾಲ ಕೈಯಲ್ಲಿ ಹಿಡಿದಿರುತ್ತಾರೆ. ಕೆಂಪು ದೀಪದ ಎದುರು ಯಾರೂ ನೋಡದಿರುವಾಗಲೂ ನಿಲ್ಲುವ ಸವಾರನು ಕೇವಲ ಕಾನೂನನ್ನು ಪಾಲಿಸುತ್ತಿಲ್ಲ. ತನ್ನನ್ನು ನಂಬಿ ಅಡ್ಡರಸ್ತೆಯಲ್ಲಿ ಬರುತ್ತಿರುವ ಅಪರಿಚಿತನೊಬ್ಬನಿಗೆ ಕೊಟ್ಟ ಮಾತನ್ನು ನಡೆಸುತ್ತಿದ್ದಾನೆ.

ಪದಗಳ ಅರ್ಥ

ವ್ಯವಧಾನ – ಬಿಡುವು, ಸಮಯಾವಕಾಶ
ತಿರುಳು – ಸಾರ
ಕೂಡುರಸ್ತೆ – ರಸ್ತೆಗಳು ಸೇರುವ ಸ್ಥಳ
ಸಂಜ್ಞೆ – ಸನ್ನೆ, ಗುರುತು
ಜಾಡು – ಹೋದ ದಾರಿಯ ಗುರುತು
ಹದವಾಗಿ – ಹೆಚ್ಚೂ ಅಲ್ಲದೆ ಕಡಿಮೆಯೂ ಅಲ್ಲದೆ

ಅಭ್ಯಾಸ

ಅ) ಒಂದು ವಾಕ್ಯದಲ್ಲಿ ಉತ್ತರಿಸಿರಿ.
1. ರಸ್ತೆಯ ಎಲ್ಲ ನಿಯಮಗಳ ತಿರುಳು ಯಾವುದು?
2. 1909ರಲ್ಲಿ ಯಾವ ನಾಲ್ಕು ಅಪಾಯಗಳಿಗೆ ಚಿಹ್ನೆಗಳನ್ನು ಒಪ್ಪಿಕೊಳ್ಳಲಾಯಿತು?
3. ಕೆಂಪು ಅಂಚಿನ ತ್ರಿಕೋನ ಏನನ್ನು ಸೂಚಿಸುತ್ತದೆ?
4. ಸೈಕಲ್ಲಿಗೆ ಹಿಂಬದಿಯ ದೀಪ ಏಕೆ ಬೇಕು?

ಆ) ಮೂರು ನಾಲ್ಕು ವಾಕ್ಯಗಳಲ್ಲಿ ಉತ್ತರಿಸಿರಿ.
1. ‘ನಿಲ್ಲಿ’ ಎಂಬ ಫಲಕಕ್ಕೆ ಬೇರೆಯ ಆಕಾರವಿರುವುದರ ಪ್ರಯೋಜನವೇನು?
2. ತಿರುಗುತ್ತಿರುವ ಬಸ್ಸಿನ ಎಡಕ್ಕೆ ನುಗ್ಗುವುದು ಏಕೆ ಅಪಾಯಕರ?
3. ದೊಡ್ಡ ಕೂಡುರಸ್ತೆಯಲ್ಲಿ ಕಿರಿಯ ಸವಾರರು ಬಲಕ್ಕೆ ತಿರುಗುವ ಕ್ರಮವನ್ನು ವಿವರಿಸಿರಿ.

ಇ) ಎಂಟು ಹತ್ತು ವಾಕ್ಯಗಳಲ್ಲಿ ಉತ್ತರಿಸಿರಿ.
1. ಎದುರು ದಿಕ್ಕಿನಲ್ಲಿ ಸೈಕಲ್ಲು ನಡೆಸುವುದರಿಂದ ಆಗುವ ಅಪಾಯವನ್ನು ಲೆಕ್ಕದ ಮೂಲಕ ಸ್ಪಷ್ಟಪಡಿಸಿರಿ.
2. ರಸ್ತೆಯ ಸುರಕ್ಷತೆ ಒಬ್ಬರಿಂದಲೇ ಸಾಧ್ಯವಿಲ್ಲವೆಂಬುದನ್ನು ಪಾಠದ ಆಧಾರದಿಂದ ನಿರೂಪಿಸಿರಿ.

ಈ) ಸಂದರ್ಭದೊಡನೆ ವಿವರಿಸಿರಿ.
1. “ಕಿವಿಯೇ ಅವನ ಹಿಂಗಣ್ಣು.”
2. “ಸೈಕಲ್ಲನ್ನು ತಳ್ಳುವವನು ಸವಾರನಲ್ಲ, ನಡೆದುಹೋಗುವವನು.”

ಉ) ಬಿಡಿಸಿ ಬರೆದು ಸಂಧಿಯನ್ನು ಹೆಸರಿಸಿರಿ.
ಅತ್ಯಗತ್ಯ, ಮಳೆಗಾಲ, ಎಡೆಯಿಲ್ಲ, ಅಲ್ಪಾವಧಿ

ಊ) ಮಾಡಿ ನೋಡಿರಿ.
ನಿಮ್ಮ ಮನೆಯಿಂದ ಶಾಲೆಯವರೆಗಿನ ದಾರಿಯ ನಕ್ಷೆಯನ್ನು ಬರೆದು, ಅಲ್ಲಿರುವ ಸಂಚಾರ ಚಿಹ್ನೆಗಳನ್ನು ಗುರುತಿಸಿರಿ. ಚಿಹ್ನೆ ಇರಬೇಕಾಗಿದ್ದು ಇಲ್ಲದಿರುವ ಸ್ಥಳ ಯಾವುದಾದರೂ ಇದ್ದರೆ, ಅದನ್ನು ಕುರಿತು ಸ್ಥಳೀಯ ಸಂಚಾರ ಪೊಲೀಸ್ ಠಾಣೆಗೆ ಒಂದು ಮನವಿ ಪತ್ರ ಬರೆಯಿರಿ.